ಅಕ್ಕನ ಆಟದ ಸಿಡಿಗಳನ್ನು ವಿಂಡೋಸ್ 11ರಲ್ಲಿ ಓಡಿಸಿದ ಕಥೆ

ಕಳೆದ ವಾರ ಕೊನೆಯ ಆಟವೂ ಓಡಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಕೈಹಾಕಿದ ಕೆಲಸ, ಮುಗಿಯುವಾಗ ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಗಿತ್ತು. ಹೆಚ್ಚಿನ ಸಮಯ ತಿಂದದ್ದು ಎರಡೇ: ಕಾಯುವುದು, ಮತ್ತು ತೊಂದರೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ಪರಿಹಾರ ಗೊತ್ತಾದ ಮೇಲೆ ಒಂದೊಂದು ಆಟಕ್ಕೆ ಅರ್ಧ ಗಂಟೆಯೂ ಬೇಡ. ಇದೇ ದಾರಿ ಹಿಡಿಯುವವರಿಗೆ ಅಷ್ಟು ಅಲೆದಾಟ ಬೇಡ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಸಿಡಿಗಳು ಅಕ್ಕನವು. ಸಾಗರದ ಮನೆಗೆ ಮೊದಲ ಕಂಪ್ಯೂಟರ್ ಬಂದ ಮೇಲೆ ನಾಲ್ಕೈದು ವರ್ಷ ಅವಳು ಒಂದೊಂದಾಗಿ ಕೂಡಿಟ್ಟದ್ದು. ಈಗ ಅವಳು ಮಸ್ಕತ್ತಿನಲ್ಲಿದ್ದಾಳೆ. ಡಿಸೆಂಬರ್ ರಜೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಎಂದು ಫೋನ್ ಮಾಡಿದವಳು, "ಆ ಸಿಡಿ ಪೌಚ್ ಇದ್ಯೇನೋ? ಇವ್ರಿಗೆ ಒಂದ್ಸಲ ತೋರಿಸ್ಬೇಕು ಕಣೋ" ಎಂದಳು. ಪೌಚ್ ಅಟ್ಟದ ಮೇಲೆ ಇತ್ತು. ಮಲೆನಾಡಿನ ಮಳೆಗೆ ಅಟ್ಟದ ಮೇಲಿನ ವಸ್ತು ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬಿಚ್ಚಿದರೆ ಬೂಷ್ಟಿನ ವಾಸನೆ, ಕೆಲವು ಸಿಡಿಗಳ ಅಂಚಿನಲ್ಲಿ ಬಿಳಿ ಚುಕ್ಕೆ.

ಹಾಗಾಗಿ ಮೊದಲ ಕೆಲಸ ಆಟ ಹಾಕುವುದಾಗಿರಲಿಲ್ಲ, ಸಿಡಿಗಳನ್ನು ಉಳಿಸಿಕೊಳ್ಳುವುದಾಗಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇಲ್ಲ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ರೈಟರ್ ಒಂದನ್ನು ತರಿಸಿದೆ. ಸುಮಾರು ಒಂದೂವರೆ ಸಾವಿರ ರೂಪಾಯಿ. ಬೂಷ್ಟು ಹಿಡಿದ ಸಿಡಿಗಳನ್ನು ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು, ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ ಒರೆಸಿದೆ. ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಒರೆಸಬಾರದು. ಮಾಹಿತಿಯ ಸಾಲು ಸುರುಳಿಯಾಗಿ ಸುತ್ತುತ್ತದೆ. ಸುತ್ತ ಒರೆಸಿದಾಗ ಬೀಳುವ ಗೀರು ಅದೇ ಸಾಲಿನ ಉದ್ದಕ್ಕೂ ಕೂರುತ್ತದೆ, ಅಡ್ಡ ಬಿದ್ದ ಗೀರನ್ನು ಡ್ರೈವ್ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಎಲ್ಲರೂ ಹೊಳೆಯುವ ಮುಖವನ್ನೇ ಕಾಪಾಡುತ್ತಾರೆ. ಆದರೆ ಸಿಡಿಯಲ್ಲಿ ಬೆಳಕನ್ನು ಹಿಂದೆ ಕಳಿಸುವ ಲೋಹದ ತೆಳು ಪದರ ಇರುವುದು ಹೆಸರು ಅಚ್ಚಾದ ಮುಖದ ಕೆಳಗೇ. ಆ ಕಡೆ ಆಳವಾದ ಗೀರು ಬಿದ್ದರೆ ಸಿಡಿ ಹೋದಂತೆಯೇ.

ನಂತರ ಪ್ರತಿ ಸಿಡಿಯ ಪೂರ್ತಿ ಪ್ರತಿಯನ್ನು ಹಾರ್ಡ್‌ಡಿಸ್ಕಿಗೆ ಇಳಿಸಿದೆ. ಇಮೇಜ್‌ಬರ್ನ್ ಎಂಬ ಉಚಿತ ತಂತ್ರಾಂಶ ಸಾಕು. ಓದುವ ವೇಗವನ್ನು ಕಡಿಮೆಗಿಡಿ. ಹಾಳಾದ ಸಿಡಿಗಳು ನಿಧಾನಕ್ಕೆ ಓದಿದಾಗ ಕೊಡುವುದನ್ನು ವೇಗದಲ್ಲಿ ಕೊಡುವುದಿಲ್ಲ. ಒಂದು ಸಿಡಿ ರಾತ್ರಿ ಇಡೀ ಕರಕರ ಎನ್ನುತ್ತ ಕೂತು ಬೆಳಗ್ಗೆ ಪೂರ್ಣವಾಗಿತ್ತು. ಅಂಗಡಿಯಿಂದ ಕೊಂಡ, ಅಚ್ಚೊತ್ತಿದ ಸಿಡಿಗಳು ಬಹುತೇಕ ಉಳಿದಿದ್ದವು. ಮನೆಯಲ್ಲಿ ಬರ್ನ್ ಮಾಡಿದ ಸಿಡಿಗಳಲ್ಲಿ ಬಣ್ಣದ ಪದರವೇ ಮಾಹಿತಿಯನ್ನು ಹಿಡಿದಿರುವುದರಿಂದ ಅವು ಬೇಗ ಸಾಯುತ್ತವೆ. ನಿಮ್ಮಲ್ಲಿ ಅಂಥವಿದ್ದರೆ ಅವುಗಳಿಂದಲೇ ಶುರು ಮಾಡಿ. ಹೀಗೆ ಪ್ರತಿ ತೆಗೆಯುವುದು ಸರಿಯೇ ಎಂದು ಕೇಳುವವರಿಗೆ: 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದು ಕಳೆದುಹೋಗದಂತೆ, ಹಾಳಾಗದಂತೆ ತಮ್ಮ ಬಳಕೆಗೆ ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಅದನ್ನು ಹಂಚುವುದು ಬೇರೆ ಮಾತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇದು ತಪ್ಪಿದರೆ ಆಮೇಲೆ ಸರಿಪಡಿಸಲು ಸಿಡಿಯನ್ನೇ ಮತ್ತೆ ಓದಿಸಬೇಕಾಗುತ್ತದೆ. ಆ ಕಾಲದ ಎಷ್ಟೋ ಆಟಗಳ ಸಿಡಿಯಲ್ಲಿ ಮೊದಲ ಟ್ರ್ಯಾಕ್ ಮಾತ್ರ ಆಟ, ಉಳಿದವೆಲ್ಲ ಕ್ಯಾಸೆಟ್ ಅಂಗಡಿಯ ಹಾಡಿನ ಸಿಡಿಯಂತೆಯೇ ನೇರ ಸಂಗೀತ. 1996ರ ಕ್ವೇಕ್ ಹಾಗೆಯೇ ಇದೆ, ಟ್ರೆಂಟ್ ರೆಜ್ನರ್ ಮಾಡಿದ ಸಂಗೀತವೆಲ್ಲ ಆಡಿಯೋ ಟ್ರ್ಯಾಕುಗಳಲ್ಲಿದೆ. ಸಿಡಿಯ ಡೇಟಾವನ್ನು ಒಂದೇ ಫೈಲಾಗಿಸುವ ಐಎಸ್ಒ ರೂಪದಲ್ಲಿ ಇಳಿಸಿದರೆ ಆಟ ಮಾತ್ರ ಬರುತ್ತದೆ, ಸಂಗೀತ ಬರುವುದಿಲ್ಲ. ಆಟ ಓಡುತ್ತದೆ, ದೋಷದ ಸಂದೇಶವೂ ಬರುವುದಿಲ್ಲ, ಬರೀ ಮೌನ. ಇಂಥ ಸಿಡಿಗಳನ್ನು ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲುಗಳಾಗಿ ಇಳಿಸಬೇಕು. ವಿಂಡೋಸ್ 8ರಿಂದ ಈಚೆಗೆ ಐಎಸ್ಒ ಫೈಲನ್ನು ಎರಡು ಸಲ ಒತ್ತಿದರೆ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ, ಕ್ಯೂ ಫೈಲ್ ತೆರೆಯುವುದಿಲ್ಲ. ಅದಕ್ಕೆ ವಿನ್‌ಸಿಡಿಎಮು ಹಾಕಿಕೊಂಡೆ. ಉಚಿತ, ಚಿಕ್ಕದು.

ಪ್ರತಿಗಳು ಸಿದ್ಧವಾದ ಮೇಲೆ ನಿಜವಾದ ಜಂಜಾಟ ಶುರು. ಒಂದು ಸಿಡಿ ತೆರೆದು ಸೆಟಪ್ ಒತ್ತಿದೆ. "ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡಲಾರದು" ಎಂಬ ನೀಲಿ ಪಟ್ಟಿ ಬಂತು. ಎಲ್ಲರೂ ಹೇಳುವಂತೆ ಬಲಕ್ಲಿಕ್ ಮಾಡಿ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ವಿಂಡೋಸ್ 95 ಆರಿಸಿದೆ, 98 ಆರಿಸಿದೆ, ಅಡ್ಮಿನಿಸ್ಟ್ರೇಟರ್ ಆಗಿಯೂ ನೋಡಿದೆ. ಮತ್ತದೇ ಪಟ್ಟಿ. ಕಾರಣ ತಿಳಿದ ಮೇಲೆ ಇದನ್ನು ಎಷ್ಟು ಸಲ ಮಾಡಿದರೂ ಫಲವಿಲ್ಲ ಎಂದು ಗೊತ್ತಾಯಿತು. ಪ್ರೋಗ್ರಾಮ್ ಒಂದು ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ ಬಿಟ್: 16 ಹಳೆಯದು, ಆಮೇಲೆ 32, ಇಂದಿನದು 64. 90ರ ದಶಕದ ನಡುವಿನಲ್ಲಿ ಆಟ 32 ಬಿಟ್‌ನದಾದರೂ ಅದನ್ನು ಇನ್‌ಸ್ಟಾಲ್ ಮಾಡುವ ಸೆಟಪ್ ಹಲವು ಸಲ 16 ಬಿಟ್‌ನದೇ ಇರುತ್ತಿತ್ತು. 64 ಬಿಟ್ ವಿಂಡೋಸ್ ಯಾವುದೂ 16 ಬಿಟ್ ಪ್ರೋಗ್ರಾಮನ್ನು ಓಡಿಸುವುದಿಲ್ಲ. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿಯಾದರೂ ಇತ್ತು, 2021ರಲ್ಲಿ ಬಂದ ವಿಂಡೋಸ್ 11 ಬರೀ 64 ಬಿಟ್. ಅಂದರೆ ಕೆಟ್ಟಿದ್ದು ಆಟವಲ್ಲ, ಬಾಗಿಲು ಮಾತ್ರ. ಎರಡು ದಾರಿಗಳಿವೆ. ಕೆಲವು ಸಿಡಿಗಳಲ್ಲಿ ಆಟದ ಫೋಲ್ಡರ್ ಬಿಚ್ಚಿದ ರೂಪದಲ್ಲೇ ಇರುತ್ತದೆ, ಅದನ್ನು ಹಾಗೇ ಹಾರ್ಡ್‌ಡಿಸ್ಕಿಗೆ ಎಳೆದುಕೊಂಡರೆ ಸಾಕು. ಇಲ್ಲದಿದ್ದರೆ ಒಟಿವಿಡಿಎಂ ಎಂಬ ತಂತ್ರಾಂಶವಿದೆ. ಲಿನಕ್ಸ್ ಲೋಕದ ವೈನ್‌ನಿಂದ ಹುಟ್ಟಿದ ಇದು 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಮ್ ಓಡಿಸಿಕೊಡುತ್ತದೆ. ಸೆಟಪ್ ಫೈಲನ್ನು ಅದರ ಮೇಲೆ ಎಳೆದು ಬಿಟ್ಟೆ. ಆ ನೀಲಿ ಹಿನ್ನೆಲೆಯ ದೊಡ್ಡ ಸೆಟಪ್ ಪರದೆ ಇಪ್ಪತ್ತು ವರ್ಷದ ಮೇಲೆ ತೆರೆದುಕೊಂಡಾಗ ನನಗೆ ಆದ ಖುಷಿ ಸಣ್ಣದಲ್ಲ.

ಇನ್‌ಸ್ಟಾಲ್ ಆದ ಆಟ ತೆರೆಯಿತೇ? ಇಲ್ಲ. ಫೈಲ್ ಸಿಗಲಿಲ್ಲ ಎಂದಿತು. ಫೈಲ್ ಕಣ್ಣೆದುರಿಗೇ ಇದೆ! ಈ ತೊಂದರೆಯನ್ನು ಇಂಗ್ಲಿಷಿನ ಯಾವ ಮಾರ್ಗದರ್ಶಿಯೂ ನನಗೆ ಹೇಳಿಕೊಡಲಿಲ್ಲ, ಏಕೆಂದರೆ ಇದು ಬರುವುದು ನಮ್ಮಂಥವರಿಗೇ. ನನ್ನ ಫೋಲ್ಡರುಗಳ ಹೆಸರೆಲ್ಲ ಕನ್ನಡದಲ್ಲಿವೆ. ಆಟಗಳಿದ್ದದ್ದು 'ಆಟಗಳು' ಎಂಬ ಫೋಲ್ಡರಿನಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಗೊತ್ತಿಲ್ಲದ ಹಳೆಯ ಪ್ರೋಗ್ರಾಮುಗಳು ವಿಂಡೋಸನ್ನು ಫೈಲ್ ದಾರಿ ಕೇಳಿದಾಗ, ವಿಂಡೋಸ್ ಆ ಹೆಸರನ್ನು ಕೆಲವೇ ಭಾಷೆಗಳ ಅಕ್ಷರಗಳಿರುವ ಹಳೆಯ ಪಟ್ಟಿಗೆ, ಅಂದರೆ ಕೋಡ್ ಪೇಜ್‌ಗೆ ತಿರುಗಿಸಿ ಕೊಡಬೇಕು. ಜಪಾನಿ, ರಷ್ಯನ್‌ಗಳಿಗೆ ಅಂಥ ಕೋಡ್ ಪೇಜ್ ಇದೆ. ಕನ್ನಡಕ್ಕೆ ವಿಂಡೋಸಿನಲ್ಲಿ ಯಾವತ್ತೂ ಇರಲಿಲ್ಲ, ಕನ್ನಡ ಬಂದದ್ದೇ ಯೂನಿಕೋಡಿನ ಜೊತೆ. ಹಾಗಾಗಿ ಪ್ರತಿ ಅಕ್ಷರದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಹೋಗಿ ಕೂರುತ್ತದೆ. ಅಂಥ ದಾರಿ ಎಲ್ಲೂ ಇಲ್ಲ, ಆಟಕ್ಕೆ ಫೈಲ್ ಸಿಗುವುದೂ ಇಲ್ಲ. ವಿಂಡೋಸ್ ಬಳಕೆದಾರರ ಹೆಸರನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಡೆಸ್ಕ್‌ಟಾಪಿನಲ್ಲಿ ಇಟ್ಟ ಆಟವೂ ಹೀಗೇ ಕೈಕೊಡುತ್ತದೆ. ಕನ್ನಡದಲ್ಲಿ ಹೆಸರಿಡುವುದನ್ನು ನಾನು ಬಿಡುವುದಿಲ್ಲ, ನೀವೂ ಬಿಡಬೇಡಿ. ಹಳೆಯ ಆಟಗಳಿಗೆ ಮಾತ್ರ ಸಿ ಡ್ರೈವಿನ ಬುಡದಲ್ಲೇ, ಇಂಗ್ಲಿಷ್ ಅಕ್ಷರಗಳಲ್ಲಿ, ಎಂಟು ಅಕ್ಷರ ಮೀರದ, ನಡುವೆ ಖಾಲಿ ಜಾಗವಿಲ್ಲದ ಹೆಸರಿನ ಫೋಲ್ಡರ್ ಮಾಡಿ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರೂ ಬೇಡ. ಆ ಕಾಲದ ಆಟಗಳು ಸೇವ್ ಮಾಡಿದ್ದನ್ನು ತಮ್ಮ ಫೋಲ್ಡರಿನಲ್ಲೇ ಬರೆದಿಡುತ್ತವೆ, ವಿಸ್ಟಾ ಆವೃತ್ತಿಯಿಂದ ಈಚೆಗೆ ವಿಂಡೋಸ್ ಅಲ್ಲಿ ಬರೆಯಲು ಸುಮ್ಮನೆ ಬಿಡುವುದಿಲ್ಲ.

ಇಷ್ಟಾದ ಮೇಲೆ ಏಜ್ ಆಫ್ ಎಂಪೈರ್ಸ್. 1997ರ ಮೊದಲ ಭಾಗ, ಅಕ್ಕನ ಅಚ್ಚುಮೆಚ್ಚು. ವಿಂಡೋಸ್ 11 ಮೊದಲು ಡೈರೆಕ್ಟ್‌ಪ್ಲೇ ಬೇಕು ಎಂದು ಕೇಳಿತು. ಹಲವರು ಸೇರಿ ಆಡಲು ಹಳೆಯ ಆಟಗಳು ಬಳಸುತ್ತಿದ್ದ ವಿಂಡೋಸಿನ ಭಾಗ ಅದು. ಇದು ಸುಲಭ: ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಲೆಗಸಿ ಕಾಂಪೊನೆಂಟ್ಸ್ ಅಡಿಯಲ್ಲಿ ಅದಕ್ಕೊಂದು ಗುರುತು ಹಾಕಿದರಾಯಿತು. ಆಮೇಲೆ ಕಪ್ಪು ಪರದೆ, ಹಿಂದೆ ಬರೀ ಸದ್ದು. ಹೋಲಿಸಿ ನೋಡಲು ಮನೆಯಲ್ಲಿದ್ದ ಹಳೆಯ ವಿಂಡೋಸ್ 7 ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಅಲ್ಲಿ ಚಿತ್ರ ಬಂತು, ಬಣ್ಣ ಕೆಟ್ಟಿತ್ತು. ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ಅಕ್ಕ, "ಲೋ, ಹುಲ್ಲು ಯಾಕೋ ಗುಲಾಬಿ ಆಗಿದೆ?" ಎಂದಳು.

ಹುಲ್ಲು ಗುಲಾಬಿಯಾಗುವುದರ ಹಿಂದಿನ ಕಾರಣ ತಿಳಿದರೆ ಮುಂದಿನ ಅರ್ಧ ಸಮಸ್ಯೆಗಳು ತಾವೇ ಅರ್ಥವಾಗುತ್ತವೆ. ಈ ಆಟಗಳು 256 ಬಣ್ಣದವು. ಪರದೆಯ ಪ್ರತಿ ಚುಕ್ಕೆಗೂ ಅವು ಬರೆಯುವುದು ಸೊನ್ನೆಯಿಂದ 255ರ ಒಳಗಿನ ಒಂದು ಸಂಖ್ಯೆಯನ್ನು. ಯಾವ ಸಂಖ್ಯೆಗೆ ಯಾವ ಬಣ್ಣ ಎಂಬ ಪಟ್ಟಿ ಬೇರೆಯೇ ಇರುತ್ತದೆ. ಆಟ ತನ್ನ ಪಟ್ಟಿ ಇಟ್ಟಿರುವಾಗ ವಿಂಡೋಸಿನ ಡೆಸ್ಕ್‌ಟಾಪ್ ನಡುವೆ ಬಂದು ಅದರಲ್ಲಿ ತನ್ನ ಬಣ್ಣ ಬರೆಯುತ್ತದೆ. ಒಂದೇ ರಂಗೋಲಿಗೆ ಇಬ್ಬರು ಕೂತು, ಒಬ್ಬರು ತುಂಬಿದ ಬಣ್ಣದ ಬಟ್ಟಲನ್ನು ಇನ್ನೊಬ್ಬರು ಬದಲಿಸಿದಂತೆ. ಟಾಸ್ಕ್ ಮ್ಯಾನೇಜರಿನಲ್ಲಿ ಆ ಡೆಸ್ಕ್‌ಟಾಪ್ ತೋರಿಸುವ ಎಕ್ಸ್‌ಪ್ಲೋರರ್ ನಿಲ್ಲಿಸಿ ಆಟ ತೆರೆದರೆ ವಿಂಡೋಸ್ 7ರಲ್ಲಿ ಹುಲ್ಲು ಮತ್ತೆ ಹಸಿರು.

ವಿಂಡೋಸ್ 11ರ ಕಪ್ಪು ಪರದೆಗೆ ಪರಿಹಾರ ಸಿಎನ್‌ಸಿ-ಡಿಡ್ರಾ. ಹಳೆಯ ಆಟಗಳು ಚಿತ್ರ ಬರೆಯಲು ಡೈರೆಕ್ಟ್‌ಡ್ರಾ ಎಂಬ ವ್ಯವಸ್ಥೆಯನ್ನು ಕರೆಯುತ್ತವೆ. ಈ ಪುಟ್ಟ ಫೈಲನ್ನು ಆಟದ ಫೋಲ್ಡರಿನಲ್ಲಿಟ್ಟರೆ ಆ ಕರೆಗಳನ್ನು ತಾನು ಹಿಡಿದು ಇಂದಿನ ಗ್ರಾಫಿಕ್ಸ್ ಕಾರ್ಡಿಗೆ ತಿಳಿಯುವಂತೆ ಕೊಡುತ್ತದೆ. ಆಟದ ಒಂದಕ್ಷರವನ್ನೂ ಬದಲಿಸುವುದಿಲ್ಲ, ಬೇಡವೆನಿಸಿದರೆ ಅಳಿಸಿದರಾಯಿತು. ಈ ಗುಣವೇ ನನಗೆ ಹಿಡಿಸಿದ್ದು. ಅದರ ಸೆಟ್ಟಿಂಗ್‌ನಲ್ಲಿ ನಾಲ್ಕಕ್ಕೆ ಮೂರರ ಅನುಪಾತ ಉಳಿಸಲು ಹೇಳಿ. ಇಲ್ಲವಾದರೆ ಅಗಲದ ಪರದೆಗೆ ಹಿಗ್ಗಿ ಆನೆ, ಕುದುರೆ, ಮನುಷ್ಯರೆಲ್ಲ ಕುಳ್ಳಾಗುತ್ತಾರೆ.

ನೀಡ್ ಫಾರ್ ಸ್ಪೀಡ್ 2ರ ವಿಶೇಷ ಆವೃತ್ತಿಯದೂ (1997) ಇದೇ ಮನೆತನದ ಕಥೆ, ಬೇರೆ ಹೆಸರು. ಅದರಲ್ಲಿ 3ಡಿಎಫ್ಎಕ್ಸ್ ಕಂಪನಿಯ ವೂಡೂ ಎಂಬ ಗ್ರಾಫಿಕ್ಸ್ ಕಾರ್ಡಿಗೆಂದೇ ಬರೆದ ಪ್ರತ್ಯೇಕ ಭಾಗವಿದೆ. ಆ ಕಾರ್ಡಿನ ಜೊತೆ ಮಾತಾಡುವ ಭಾಷೆ ಗ್ಲೈಡ್. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ವೂಡೂ ಕಾರ್ಡ್ ಇರಲಿಲ್ಲ, ಸಾಗರದಲ್ಲಿ ಯಾರ ಮನೆಯಲ್ಲೂ ನಾನು ನೋಡಿರಲಿಲ್ಲ. 2000ದ ಕೊನೆಗೆ ಎನ್‌ವಿಡಿಯಾ ಆ ಕಂಪನಿಯ ಆಸ್ತಿಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡ ಮೇಲೆ ಕಾರ್ಡಿನ ಕಥೆಯೂ ಮುಗಿಯಿತು. ಈಗ ಡಿಜಿವೂಡೂ 2 ಅಥವಾ ಎನ್‌ಗ್ಲೈಡ್ ಹಾಕಿದರೆ ಯಾವ ಸಾಧಾರಣ ಲ್ಯಾಪ್‌ಟಾಪ್ ಬೇಕಾದರೂ ವೂಡೂ ಕಾರ್ಡಿನ ವೇಷ ಹಾಕುತ್ತದೆ. ಅಂದು ಚೌಕ ಚೌಕವಾಗಿ ಒಡೆದು ಕಾಣುತ್ತಿದ್ದ ರಸ್ತೆ ಈಗ ನುಣುಪಾಗಿ ಹರಿಯಿತು. ಅಕ್ಕನಾಗಲಿ ನಾನಾಗಲಿ ಈ ಆಟವನ್ನು ಅದು ಇರಬೇಕಾದ ಚೆಂದದಲ್ಲಿ ಹಿಂದೆ ನೋಡಿಯೇ ಇರಲಿಲ್ಲ. ಒಂದು ಎಚ್ಚರಿಕೆ: ಇಂಥ ತಂತ್ರಾಂಶಗಳನ್ನು ಅವುಗಳನ್ನು ಬರೆದವರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ. ಅದೇ ಹೆಸರಿನ ನಕಲಿ ತಾಣಗಳಿವೆ.

ವಿಂಡೋಸಿಗೂ ಮೊದಲಿನ ಡಾಸ್ ವ್ಯವಸ್ಥೆಯ ಆಟಗಳಿಗೆ ಇಷ್ಟೆಲ್ಲ ತಾಪತ್ರಯವೇ ಇಲ್ಲ. ಹೆಚ್ಚು ಹಳೆಯದಾದಷ್ಟೂ ಸುಲಭ ಎಂಬುದು ಈ ಕೆಲಸದಲ್ಲಿ ನನಗೆ ಅಚ್ಚರಿ ತಂದ ವಿಷಯ. ಡಾಸ್‌ಬಾಕ್ಸ್ ಎಂಬುದು 2002ರಿಂದ ಇದೆ. ಅದು ತನ್ನೊಳಗೆ ಒಂದು ಇಡೀ ಹಳೆಯ ಕಂಪ್ಯೂಟರನ್ನು, ಸೌಂಡ್ ಕಾರ್ಡ್ ಸಮೇತ, ಕಟ್ಟಿಕೊಳ್ಳುತ್ತದೆ. ಅಕ್ಕನ ಬರ್ನ್ ಮಾಡಿದ ಸಿಡಿಯಲ್ಲಿದ್ದ ಪ್ರಿನ್ಸ್ ಆಫ್ ಪರ್ಷಿಯಾ ಮೊದಲ ಸಲಕ್ಕೇ ಓಡಿತು. ಮೂಲದಲ್ಲಿ 1989ರಲ್ಲಿ ಆಪಲ್ 2ಕ್ಕೆ ಬಂದ ಆಟ, ಡಾಸ್‌ಗೆ ಬಂದದ್ದು ಮರುವರ್ಷ. ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ತಲುಪಬೇಕು. ಗಮನಿಸಬೇಕಾದ್ದು ಎರಡು. ಡಾಸ್ ಆಟಗಳಲ್ಲಿ ಕೆಲವು ಪ್ರೊಸೆಸರ್ ಎಷ್ಟು ವೇಗವೋ ಅಷ್ಟು ವೇಗಕ್ಕೆ ಓಡುತ್ತವೆ. ಅಂಥವು ಹುಚ್ಚೆದ್ದು ಓಡಿದರೆ ಕಂಟ್ರೋಲ್ ಮತ್ತು ಎಫ್11 ಒತ್ತಿ ನಿಧಾನಿಸಿ, ಎಫ್12 ಒತ್ತಿ ವೇಗ ಹೆಚ್ಚಿಸಿ. ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಕೀಲಿಯನ್ನೂ ಜೊತೆಗೆ ಹಿಡಿಯಬೇಕಾಗಬಹುದು. ಮತ್ತೆ, ಸೆಟ್ಟಿಂಗ್ ಫೈಲಿನಲ್ಲಿ ಆಸ್ಪೆಕ್ಟ್ ಎಂಬುದನ್ನು ಟ್ರೂ ಮಾಡಿ. ಡಾಸ್ ಆಟಗಳ 320ಕ್ಕೆ 200ರ ಚಿತ್ರವನ್ನು ಅಂದಿನ ಮಾನಿಟರ್ ಉದ್ದಕ್ಕೆ ಎಳೆದು ತೋರಿಸುತ್ತಿತ್ತು. ಹಾಗೆ ಮಾಡದಿದ್ದರೆ ರಾಜಕುಮಾರ ಗಿಡ್ಡನಾಗುತ್ತಾನೆ.

ಮೊದಲ ಹಂತ ದಾಟಿದ ಮೇಲೆ ಔಷಧಿ ಬಾಟಲಿಗಳ ಕೋಣೆಯೊಂದು ಬರುವುದು ಆಡಿದವರಿಗೆ ನೆನಪಿರಬಹುದು. ಒಂದೊಂದು ಬಾಟಲಿಗೆ ಒಂದೊಂದು ಅಕ್ಷರ. ಆಟದ ಜೊತೆ ಬಂದ ಕೈಪಿಡಿಯ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬಾಟಲಿಯನ್ನೇ ಕುಡಿಯಬೇಕು. ಕೊಂಡವರಿಗೆ ಮಾತ್ರ ಕೈಪಿಡಿ ಇರುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಕಳ್ಳಪ್ರತಿ ತಡೆಯುವ ಬೀಗ ಅದು. ನಿರುಪದ್ರವಿ ಬೀಗ, ಮೂವತ್ತೈದು ವರ್ಷವಾದರೂ ಸರಿಯಾಗಿ ಕೆಲಸ ಮಾಡುತ್ತದೆ.

ಮುಂದೆ ಬಂದ ಬೀಗಗಳಿಗೆ ಅಷ್ಟು ಆಯುಸ್ಸು ಇರಲಿಲ್ಲ. ನನ್ನನ್ನು ಬಹುಕಾಲ ಕಾಡಿದ್ದು ಪೌಚಿನ ಅತ್ಯಂತ ಹೊಸ ಸಿಡಿ, 2003ರ ಸುಮಾರಿನ ಒಂದು ರೇಸಿಂಗ್ ಆಟ. ಅಸಲಿ ಸಿಡಿ, ಪೆಟ್ಟಿಗೆ ಸಮೇತ ಅಪ್ಪ ಕೊಡಿಸಿದ್ದು. ಸೆಟಪ್ ಸಲೀಸಾಗಿ ಮುಗಿಯಿತು, ಐಕಾನ್ ಒತ್ತಿದರೆ ಏನೂ ಆಗದು. ಸಂದೇಶವಿಲ್ಲ, ಕಪ್ಪು ಪರದೆಯೂ ಇಲ್ಲ. ಆ ವರ್ಷಗಳ ಹಲವು ಆಟಗಳಲ್ಲಿ ಸೇಫ್‌ಡಿಸ್ಕ್ ಎಂಬ ರಕ್ಷಣೆ ಇತ್ತು. ಸಿಡಿ ಅಸಲಿಯೇ ಎಂದು ನೋಡಲು ಅದು ವಿಂಡೋಸಿನ ಒಳಗರ್ಭಕ್ಕೇ ಡ್ರೈವರ್ ಎಂಬ ಪುಟ್ಟ ತಂತ್ರಾಂಶವೊಂದನ್ನು ಇಳಿಸುತ್ತಿತ್ತು. ಆ ಡ್ರೈವರಿನಲ್ಲಿ 2007ರಲ್ಲಿ ಭದ್ರತಾ ದೋಷ ಬಯಲಾಗಿತ್ತು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನ ಅಪ್‌ಡೇಟ್ ವಿಸ್ಟಾ, 7, 8ರಲ್ಲೂ ಅದನ್ನು ನಿಲ್ಲಿಸಿತು. ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ಆದರೆ ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಬರೀ ತಟ್ಟೆ ಉಳಿಯಿತು, ಕದ್ದವರ ಪ್ರತಿ ಇಂದಿಗೂ ಓಡುತ್ತದೆ. ಇದು ನನಗೆ ಈಗಲೂ ನೋವಿನ ವಿಷಯ.

ಸಿಡಿ ಕೇಳದಂತೆ ತಿದ್ದಿದ ಫೈಲುಗಳು ಅಲ್ಲಲ್ಲಿ ಸಿಗುತ್ತವೆ. ಯಾರು ತಿದ್ದಿದರು, ಜೊತೆಗೆ ಏನು ಸೇರಿಸಿದರು ಎಂದು ತಿಳಿಯುವುದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವ ಲ್ಯಾಪ್‌ಟಾಪಿಗೆ ಅದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ. 2008ರಲ್ಲಿ ಶುರುವಾದ ಜಿಒಜಿಯಂಥ ಮಳಿಗೆಗಳು ಬೀಗವಿಲ್ಲದೆ, ಇಂದಿನ ವಿಂಡೋಸಿಗೆ ಹೊಂದಿಸಿದ ಹಳೆಯ ಆಟಗಳನ್ನು ಮಾರುತ್ತವೆ. ನಿಮ್ಮ ಆಟ ಅಲ್ಲಿದ್ದರೆ ರಿಯಾಯಿತಿ ಬಂದಾಗ ಕೊಂಡುಬಿಡಿ, ಈ ಎಲ್ಲ ಪರದಾಟ ತಪ್ಪುತ್ತದೆ. ನನ್ನದು ಅಲ್ಲಿರಲಿಲ್ಲ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್ ಮೆಷೀನಿನಲ್ಲಿ ಆ ಆಟದ ಕಾಲದ ವಿಂಡೋಸ್ ಎಕ್ಸ್‌ಪಿ ಹಾಕಿದರೆ ಕಾರು ಎತ್ತಿನಗಾಡಿಗಿಂತ ನಿಧಾನ ಹೋಯಿತು.

ಉಳಿದದ್ದು ನಿಜವಾದ ಎಕ್ಸ್‌ಪಿ ಯಂತ್ರ. ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋದೆ. ಎರಡು ಮೂರು ಅಂಗಡಿಯವರು ಇಲ್ಲವೆಂದರು. ಒಂದು ಓಣಿಯ ಒಳಗಿನ ಅಂಗಡಿಯವರು ಹಿಂದಿನ ಗೋದಾಮಿನಿಂದ ಪೆಂಟಿಯಂ 4 ಕ್ಯಾಬಿನೆಟ್ ಒಂದನ್ನು ತಂದು ಧೂಳು ಕೊಡವುತ್ತ, "ಬಿಲ್ಲಿಂಗ್‌ಗಾ ಸರ್?" ಎಂದು ಕೇಳಿದರು. ಆಟಕ್ಕೆ ಎಂದೆ. ಅವರು ನಕ್ಕು, ಪಕ್ಕದ ರ‍್ಯಾಕಿನಲ್ಲಿ ಹುಡುಕಿ ಹಳೆಯ ಗ್ರಾಫಿಕ್ಸ್ ಕಾರ್ಡ್ ಒಂದನ್ನೂ ತೆಗೆದು, "ಹಾಗಾದ್ರೆ ಇದೂ ಬೇಕಾಗತ್ತೆ, ತಗೊಳ್ಳಿ" ಎಂದರು. ಎರಡೂ ಸೇರಿ ಎರಡೂವರೆ ಸಾವಿರ. ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿಸಿ ಮದರ್‌ಬೋರ್ಡಿನ ಕೆಪ್ಯಾಸಿಟರುಗಳ ತಲೆ ಉಬ್ಬಿದೆಯೇ ನೋಡಿ. ಆ ವರ್ಷಗಳ ಬೋರ್ಡುಗಳಲ್ಲಿ ಕೆಟ್ಟ ಕೆಪ್ಯಾಸಿಟರ್ ವ್ಯಾಪಕವಾಗಿತ್ತು. ಉಬ್ಬಿದ್ದರೆ ಬೇಡ. ಎಕ್ಸ್‌ಪಿ ಲೈಸೆನ್ಸಿನ ಸ್ಟಿಕರ್ ಕ್ಯಾಬಿನೆಟ್ ಮೇಲಿದೆಯೇ ಎಂದೂ ನೋಡಿಕೊಳ್ಳಿ. ಬೆಡ್‌ಶೀಟಿನಲ್ಲಿ ಸುತ್ತಿ, ರೈಲಿನಲ್ಲಿ ಕಾಲ ಬಳಿ ಇಟ್ಟುಕೊಂಡು ಸಾಗರ ಜಂಬಗಾರು ನಿಲ್ದಾಣದವರೆಗೆ ತಂದೆ.

ಮನೆಯಲ್ಲಿ ಹಚ್ಚಿದರೆ ಪ್ರತಿ ಸಲವೂ ದಿನಾಂಕ ಹಿಂದಕ್ಕೆ ಹೋಗುತ್ತಿತ್ತು. ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ ಬದಲಿಸಿದೆ, ಮೂವತ್ತು ಚಿಲ್ಲರೆ ರೂಪಾಯಿಯ ಕೆಲಸ. ಇದಕ್ಕೆ ಹಳೆಯ ವಿಜಿಎ ಕೇಬಲ್ ಹಿಡಿಯುವ ಮಾನಿಟರ್ ಬೇಕು. ಊರಿನ ಕಂಪ್ಯೂಟರ್ ರಿಪೇರಿಯವರ ಹತ್ತಿರ ಮೂಲೆ ಸೇರಿದ್ದ ಹಳೆಯ ಎಲ್‌ಸಿಡಿ ಸಿಕ್ಕಿತು, ದುಡ್ಡು ತೆಗೆದುಕೊಳ್ಳಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿರುವುದರಿಂದ ಈ ಯಂತ್ರಕ್ಕೆ ಇಂಟರ್ನೆಟ್ ಕೊಟ್ಟಿಲ್ಲ, ಕೊಡಲೂಬೇಡಿ. ಫೈಲುಗಳು ಎಫ್ಎಟಿ 32ಕ್ಕೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಓಡಾಡುತ್ತವೆ. ಅಪ್ಪ ಕೊಡಿಸಿದ ಸಿಡಿ ಹಾಕಿದೆ. ಡ್ರೈವ್ ಸ್ವಲ್ಪ ಹೊತ್ತು ತಿರುಗಿ, ನಿಂತು, ಮತ್ತೆ ತಿರುಗಿತು. ಆಮೇಲೆ ಆಟ ತೆರೆಯಿತು. ಅಪ್ಪನನ್ನು ಕರೆದು ತೋರಿಸಿದೆ.

ಪ್ರತಿ ಆಟದ ಫೋಲ್ಡರಿನಲ್ಲೂ ಈಗ ಒಂದು ಟೆಕ್ಸ್ಟ್ ಫೈಲ್ ಇಟ್ಟಿದ್ದೇನೆ: ಆಟ ಓಡಿಸಲು ಯಾವ ಸಹಾಯಕ ತಂತ್ರಾಂಶ ಹಾಕಿದೆ, ಅದರ ಯಾವ ಆವೃತ್ತಿ, ಯಾವ ಸೆಟ್ಟಿಂಗ್ ಬದಲಿಸಿದೆ. ವಿಂಡೋಸಿನ ಮುಂದಿನ ದೊಡ್ಡ ಅಪ್‌ಡೇಟ್ ಏನನ್ನಾದರೂ ಕೆಡಿಸಿದರೆ ಮೊದಲಿನಿಂದ ಹುಡುಕಬೇಕಾಗದು. ಎಲ್ಲದರ ಪ್ರತಿ ಎರಡು ಹಾರ್ಡ್‌ಡಿಸ್ಕುಗಳಲ್ಲಿದೆ, ಒಂದು ಅಕ್ಕನ ಜೊತೆ ಮಸ್ಕತ್ತಿಗೆ ಹೋಗುತ್ತದೆ. ಅವಳೇ ಬರ್ನ್ ಮಾಡಿದ್ದ ಒಂದು ಸಿಡಿ ಮಾತ್ರ ಇನ್ನೂ ಅರ್ಧಕ್ಕೆ ನಿಲ್ಲುತ್ತಿದೆ. ಒಂದು ಡ್ರೈವಿಗೆ ಓದಲಾಗದ್ದನ್ನು ಇನ್ನೊಂದು ಓದುವುದುಂಟು. ಶಿವಮೊಗ್ಗದ ಗೆಳೆಯನ ಹತ್ತಿರ ಹಳೆಯ ಡೆಸ್ಕ್‌ಟಾಪ್ ಡ್ರೈವ್ ಇದೆಯಂತೆ, ಭಾನುವಾರ ತರುತ್ತೇನೆ ಎಂದಿದ್ದಾನೆ.